ಮೆಚ್ಚಿನ ಪ್ರದರ್ಶನಕ್ಕೆ ಸಂದ ಸೊಂಟದ ಮೂಳೆ

ತೆರ್ಸ್ಕೆನ್ ಜಿಲ್ಲಾ ಸಂಸ್ಕೃತಿ ವಿಭಾಗದ ಕಡತಗಳ ಪ್ರಕಾರ, ಚೋಂಗ್‌ತಾಲ್ ಊರಿನ ಸರೋವರದ ದಡದಲ್ಲಿ ನಡೆದ ಮೊದಲನೆಯ ಸ್ವತಂತ್ರ ಸಂಗೀತೋತ್ಸವದಲ್ಲಿ ಜನರ ಅತ್ಯಂತ ಮೆಚ್ಚಿನ ಪ್ರದರ್ಶನ ನೀಡಿದ ಕಲಾವಿದ ನಾನು. ಅವಧಿ: ಹನ್ನೊಂದು ನಿಮಿಷ. ವಾದ್ಯ: ಇಲ್ಲ. ರಾಗ: ಇಲ್ಲ. ಸಾಹಿತ್ಯ: ಒಂದರಿಂದ ಮೂರರವರೆಗಿನ ಅಂಕಿಗಳು ಹಾಗೂ ಬೂದು ಬಣ್ಣದ ಒಂದು ಕಾರಿನ ನಂಬರು. ಪ್ರೇಕ್ಷಕರು: ಒಬ್ಬರು (ನಿದ್ರಿತ) ಮತ್ತು ಒಂದು ಕತ್ತೆ. ಇದರಲ್ಲಿ ಒಂದಕ್ಷರವೂ ನನ್ನ ಬಡಾಯಿಯಲ್ಲ, ಎಲ್ಲಕ್ಕೂ ಮೊಹರು ಬಿದ್ದಿದೆ. ಬಡಾಯಿ ಕೊಚ್ಚುವವನಾಗಿದ್ದರೆ ಕತ್ತೆಗಳು ಎರಡು ಎನ್ನುತ್ತಿದ್ದೆ.

ನನ್ನ ಹೆಸರು ಇಸ್ಮಾನಾಲಿ. ಊರಿನ ಸಂಸ್ಕೃತಿ ಭವನದಲ್ಲಿ ಮೂವತ್ತೆಂಟು ವರ್ಷ ವಿದ್ಯುತ್ ಕೆಲಸ ನೋಡಿಕೊಂಡವನು. ಈ ಸೀಮೆಯಲ್ಲಿ ನಾನು ಎಳೆಯದ ತಂತಿ ಇಲ್ಲ, ನನಗೆ ಹೊಡೆಯದ ಕರೆಂಟೂ ಇಲ್ಲ. ಒಮ್ಮೆ ಎಷ್ಟು ಜೋರಾಗಿ ಹೊಡೆಯಿತೆಂದರೆ, ಮೂರು ದಿನ ನಾನು ಕಾಲಿಟ್ಟ ಮನೆಯಲ್ಲೆಲ್ಲ ದೀಪ ಹಚ್ಚುವ ಪ್ರಮೇಯವೇ ಬರಲಿಲ್ಲ. ನನ್ನ ಹೆಂಡತಿ ಬತ್ಮಾ ಇದನ್ನು ನಂಬುವುದಿಲ್ಲ. ಆದರೆ ಆ ಮೂರು ದಿನ ಅವಳು ಉಣ್ಣೆ ನೂತದ್ದು ನನ್ನ ಬೆಳಕಿನಲ್ಲೇ.

ನನ್ನ ತಂಗಿಯ ಮಗಳು ಜಿಪಾರ್. ವಯಸ್ಸು ಇಪ್ಪತ್ತಮೂರು. ಅವಳದೊಂದು ತಂಡವಿದೆ, ಹೆಸರು ‘ಕೊನೆಯ ಬಸ್ಸು’. ಅವಳು ಹಾಡುತ್ತಾಳೆ, ನಮ್ಮ ಮೂರು ತಂತಿಯ ಕೋಮುಜ್ ನುಡಿಸುತ್ತಾಳೆ. ಡ್ರಮ್ ಬಾರಿಸುವವನು ಎರ್ಮೆಕ್, ನನ್ನ ಅಣ್ಣ ಮೊಲ್ದೋಕುಲನ ಮೊಮ್ಮಗ. ಇನ್ನಿಬ್ಬರು ಗಿಟಾರಿನವರು. ಅವರು ಮಾತಾಡುವುದೇ ಇಲ್ಲ, ಆದ್ದರಿಂದ ಈ ಕಥೆಯಲ್ಲೂ ಅವರಿಂದ ತೊಂದರೆಯಿಲ್ಲ. ಹಾಡು ಕಟ್ಟುವವರೂ ಅವರೇ, ಹಾಡುವವರೂ ಅವರೇ, ಕಂಬಕಂಬಕ್ಕೆ ಚೀಟಿ ಅಂಟಿಸುವವರೂ ಅವರೇ. ಇದಕ್ಕೆ ಸ್ವತಂತ್ರ ಸಂಗೀತ ಎನ್ನುತ್ತಾರೆ.

ಅವರು ಅಭ್ಯಾಸ ಮಾಡುತ್ತಿದ್ದದ್ದು ನಮ್ಮ ಹಸುವಿನ ಕೊಟ್ಟಿಗೆಯಲ್ಲಿ. ತಂಗಿಯ ಮಗಳು ಬಂದು ಏನು ಕೇಳಿದರೂ ಇಲ್ಲ ಎನ್ನುವಂತಿಲ್ಲ, ನಮ್ಮಲ್ಲಿ ಹಾಗೆ. ಅವಳು ಕೊಟ್ಟಿಗೆ ಕೇಳಿದಳು. ನನ್ನ ಟೋಪಿ ಕೇಳಲಿಲ್ಲವಲ್ಲ ಎಂದು ನಾನು ಸಂತೋಷಪಟ್ಟೆ. ಮೊದಮೊದಲು ಹಸು ಮುನಿಸಿಕೊಂಡಿತು. ಆಮೇಲೆ ತಾಳಕ್ಕೆ ಒಗ್ಗಿಕೊಂಡು, ಡ್ರಮ್ಮಿನ ಪೆಟ್ಟಿಗೊಂದು ಧಾರೆಯಂತೆ ಹಾಲು ಬಿಡತೊಡಗಿತು. ಎರ್ಮೆಕ್ ವೇಗವಾಗಿ ಬಾರಿಸಿದ ದಿನ ಹಾಲು ಕೆಚ್ಚಲಿನಲ್ಲೇ ಕಡೆದು ನೇರವಾಗಿ ಬೆಣ್ಣೆ ಬಂದದ್ದೂ ಉಂಟು.

“ಬೆಣ್ಣೆ ಬಂತಂತೆ ಬೆಣ್ಣೆ!” ಎಂದಳು ಬತ್ಮಾ. “ಮುದುಕಾ, ನವೆಂಬರ್ ಕಳೆಯೋದ್ರೊಳಗೆ ಹಸು ಕರು ಹಾಕತ್ತೆ. ಕರು ಕಣ್ಣು ಬಿಟ್ಟು ಮೊದಲು ನೋಡೋದು ತಾಯೀನಾ, ಎರ್ಮೆಕ್‌ನ ಕೂದಲನ್ನಾ? ಮೊದಲ ಹಿಮ ಬೀಳೋ ಹೊತ್ತಿಗೆ ಇವರೆಲ್ಲ ಕೊಟ್ಟಿಗೆಯಿಂದ ಆಚೆ.”

“ಅವರು ಎಲ್ಲಿಗೆ ಹೋಗಬೇಕು ಮುದುಕೀ?”

“ಮನುಷ್ಯರು ಇರೋ ಕಡೆಗೆ.”

ಇದು ತಮಾಷೆಯ ಮಾತಾಗಿರಲಿಲ್ಲ. ಚಳಿಗಾಲದಲ್ಲಿ ಬೆಚ್ಚನೆಯ ಜಾಗ ಸಿಗದಿದ್ದರೆ ತಂಡ ಮುರಿಯುತ್ತಿತ್ತು. ಎರ್ಮೆಕನಿಗೆ ಮಾಸ್ಕೋದ ಒಂದು ಗೋದಾಮಿನಲ್ಲಿ ಕೆಲಸ ಕಾದಿತ್ತು. ಹಿಮ ಬಿದ್ದ ಮೇಲೂ ಬಾರಿಸಲು ಜಾಗವಿಲ್ಲ ಎಂದರೆ ಹೊರಡುತ್ತೇನೆ ಎಂದಿದ್ದ. ಡ್ರಮ್ಮಿನವನು ಹೋದರೆ ಕೊನೆಯ ಬಸ್ಸಿಗೆ ಚಕ್ರವೇ ಇಲ್ಲ. ಅಣ್ಣ ಮೊಲ್ದೋಕುಲ್ ಈ ವಿಷಯ ಬಂದಾಗಲೆಲ್ಲ ಕಿಟಕಿಯಾಚೆ ನೋಡುತ್ತಿದ್ದ. ಅವನ ಮಗ ಹಾಗೆಯೇ ಆರು ತಿಂಗಳಿಗೆಂದು ಹೋದವನು, ಹದಿನಾಲ್ಕು ವರ್ಷವಾಯಿತು.

ಬೆಚ್ಚನೆಯ ಜಾಗ ಊರಿನಲ್ಲಿ ಇರಲಿಲ್ಲವೆಂದಲ್ಲ. ಸಂಸ್ಕೃತಿ ಭವನದ ಮೇಲಂತಸ್ತಿನಲ್ಲಿ ಒಂದು ಕೊಠಡಿಯಿದೆ. ದೊಡ್ಡ ಒಲೆ, ದಪ್ಪ ಗೋಡೆ, ನಾನೇ ಎಳೆದ ತಂತಿ. ಅದರ ಬೀಗದ ಕೈ ಜಿಲ್ಲಾ ಸಂಸ್ಕೃತಿ ವಿಭಾಗದ ಉಪಮುಖ್ಯಸ್ಥರಾದ ಸಾತಿಬಾಲ್ದಿಯವರ ಜೇಬಿನಲ್ಲಿತ್ತು. ಕೊಠಡಿಯೊಳಗೆ ಸಾತಿಬಾಲ್ದಿಯವರ ಸ್ವಂತ ತೋಟದ ಏಪ್ರಿಕಾಟ್ ಹಣ್ಣುಗಳು ಒಣಗುತ್ತಿದ್ದವು. ಜಿಪಾರ್ ಕೊಠಡಿಗಾಗಿ ಏಳು ಅರ್ಜಿ ಹಾಕಿದಳು. ಏಳಕ್ಕೂ ಒಂದೇ ಉತ್ತರ ಬಂತು: ‘ಸದರಿ ಕೊಠಡಿಯನ್ನು ಜಿಲ್ಲೆಯ ಜನಮೆಚ್ಚಿನ ಕಲಾವಿದರಿಗಾಗಿ ಕಾಯ್ದಿರಿಸಲಾಗಿದೆ.’

ಎಂಟನೆಯ ಸಲ ಅವಳು ಕಚೇರಿಗೇ ಹೋದಳು. ನಾನೂ ಜೊತೆಗಿದ್ದೆ.

“ಆ ಜನಮೆಚ್ಚಿನ ಕಲಾವಿದರು ಯಾರು ಸಾರ್?” ಎಂದಳು.

“ಅದು ಇನ್ನೂ ಗೊತ್ತಾಗಿಲ್ಲಮ್ಮ” ಎಂದರು ಸಾತಿಬಾಲ್ದಿ. ಮೇಜಿನ ಮೇಲಿನ ತಟ್ಟೆಯಿಂದ ಒಂದು ಹಣ್ಣು ಬಾಯಿಗೆ ಹಾಕಿಕೊಂಡರು.

“ಗೊತ್ತಾಗೋದು ಹೇಗೆ?”

“ಜನ ಮೆಚ್ಚಬೇಕು.”

“ಜನ ಮೆಚ್ಚೋದು ಎಲ್ಲಿ?”

ಸಾತಿಬಾಲ್ದಿ ಯೋಚಿಸಿದರು. ಬೀಜವನ್ನು ಅಂಗೈಗೆ ಉಗುಳಿ, “ಉತ್ಸವದಲ್ಲಿ” ಎಂದರು. ಜಿಲ್ಲೆಯಲ್ಲಿ ಯಾವ ಉತ್ಸವವೂ ಇರಲಿಲ್ಲ, ಆದ್ದರಿಂದ ಹೇಳಲು ಅವರಿಗೆ ಧೈರ್ಯವಿತ್ತು.

ಜಿಪಾರ್ ಮೂರು ತಿಂಗಳಲ್ಲಿ ಉತ್ಸವವನ್ನೇ ಏರ್ಪಡಿಸಿಬಿಟ್ಟಳು. ರಾಜಧಾನಿ ಬಿಷ್ಕೆಕ್‌ನಿಂದ, ಓಷ್‌ನಿಂದ, ಗಡಿಯಾಚೆಯ ಅಲ್ಮಾಟಿಯಿಂದ ತಂಡಗಳು ಬರಲು ಒಪ್ಪಿದವು. ಸ್ವತಂತ್ರ ಸಂಗೀತಕ್ಕೆ ಯಾರ ಅಪ್ಪಣೆಯೂ ಬೇಡವೆಂದು ಹುಡುಗರು ತಿಳಿದಿದ್ದರು. ಸ್ವತಂತ್ರವಾಗಿರುವುದಕ್ಕೆ ಹದಿನಾಲ್ಕು ಅನುಮತಿ ಪತ್ರ ಬೇಕು ಎಂದು ವಿಭಾಗ ತಿಳಿಸಿತು. ಹದಿನೈದನೆಯದು, ಹದಿನಾಲ್ಕೂ ಸಿಕ್ಕಿವೆ ಎಂಬ ಪತ್ರ.

ಕೂಡಲೇ ‘ಮೆಚ್ಚುಗೆ ಆಯೋಗ’ ರಚನೆಯಾಯಿತು. ಅಧ್ಯಕ್ಷರು ಸಾತಿಬಾಲ್ದಿ, ಕಾರ್ಯದರ್ಶಿ ರಾಖಿಯಾ. ಊರೆಲ್ಲ ಆಕೆಯನ್ನು ರಾಖಿಯಾ ಎಜೆ ಎನ್ನುತ್ತದೆ, ಅಕ್ಕ ಎನ್ನುವಂತೆ. ಇಪ್ಪತ್ತೊಂಬತ್ತು ವರ್ಷದಿಂದ ಅದೇ ಮೇಜು, ಅದೇ ಕನ್ನಡಕ. ನಿಯಮವೆಂದರೆ ಆಕೆಗೆ ನಿಯಮ. ಯಾರ ಪರವಾಗಿ ಬರೆದದ್ದು ಎಂದು ಆಕೆ ಕೇಳುವುದಿಲ್ಲ, ಬರೆದ ಮೇಲೆ ಯಾರನ್ನೂ ಬಿಡುವುದೂ ಇಲ್ಲ. ಸಾತಿಬಾಲ್ದಿಯವರು ಹೇಳಿ ಬರೆಸಿದ ನಿಯಮಗಳನ್ನು ಆಕೆ ಭವನದ ಬಾಗಿಲಿಗೆ ಅಂಟಿಸಿದರು. ಮುಖ್ಯವಾದವು ಇವು:

‘ಒಂದು. ಮೆಚ್ಚುಗೆಯು ಸ್ವಯಂಪ್ರೇರಿತವಾಗಿರತಕ್ಕದ್ದು ಮತ್ತು ಸಂಜೆ ಏಳರೊಳಗೆ ಮುಗಿಯತಕ್ಕದ್ದು.

ಮೂರು. ವೇದಿಕೆಯ ಮೇಲೆ ಧ್ವನಿವರ್ಧಕದ ಮುಂದೆ ಏಳು ನಿಮಿಷಕ್ಕೂ ಹೆಚ್ಚು ಕಾಲ ಬಾಯಿ ತೆರೆದವರೆಲ್ಲರೂ ಪ್ರದರ್ಶಕರೇ.

ಐದು. ಚಪ್ಪಾಳೆಯನ್ನು ಕಡತಕ್ಕೆ ಲಗತ್ತಿಸಲು ಬಾರದಿರುವುದರಿಂದ, ಪ್ರತಿಯೊಬ್ಬ ಪ್ರೇಕ್ಷಕನು ಒಂದು ಏಪ್ರಿಕಾಟ್ ಬೀಜವನ್ನು ತನ್ನ ಮೆಚ್ಚಿನ ಪ್ರದರ್ಶಕರ ಬಕೆಟ್ಟಿಗೆ ಹಾಕತಕ್ಕದ್ದು. ಬೀಜಗಳನ್ನು ವಿಭಾಗವು ಪೂರೈಸುವುದು.

ಎಂಟು. ಪ್ರಶಸ್ತಿ: ಔತಣದ ಕುರಿಯ ಒಂದು ಸೊಂಟದ ಮೂಳೆ, ಮಾಂಸ ಸಹಿತ, ಜೊತೆಗೆ ಕೊಠಡಿಯ ಬೀಗದ ಕೈ.

ಒಂಬತ್ತು. ಬೀಗದ ಕೈ ಪಡೆದವರು ವಾರಕ್ಕೆ ಎರಡು ಬಾರಿ ಸದರಿ ಕೊಠಡಿಯಲ್ಲಿ ಅಭ್ಯಾಸ ಮಾಡಿ ಪುಸ್ತಕದಲ್ಲಿ ಸಹಿ ಹಾಕತಕ್ಕದ್ದು.

ಹತ್ತು. ನಿಯಮಕ್ಕೂ ಪದ್ಧತಿಗೂ ತಿಕ್ಕಾಟ ಬಂದಲ್ಲಿ ಪದ್ಧತಿಯೇ ಮೇಲು.’

ಪ್ರಶಸ್ತಿಗೆ ಬಟ್ಟಲು ಕೊಡಬಹುದಿತ್ತು. ಉಗ್ರಾಣದಲ್ಲಿ ಉಳಿದಿದ್ದ ಒಂದೇ ಒಂದು ಬಟ್ಟಲಿನ ಮೇಲೆ ಹಾಲು ಕರೆಯುವ ಹೆಂಗಸಿನ ಚಿತ್ರವಿತ್ತು, ಅದೂ ಸಾಮೂಹಿಕ ಬೇಸಾಯದ ಕಾಲದ್ದು. ಆದ್ದರಿಂದ ಮೂಳೆ. ಒಂದು ಕುರಿಗೆ ಎರಡು ಸೊಂಟದ ಮೂಳೆ. ಒಂದು ಅತಿಥಿಗಳಲ್ಲಿ ಹಿರಿಯನಿಗೆ, ಇನ್ನೊಂದು ಪ್ರಶಸ್ತಿಗೆ. ಆಗ ಇದರಲ್ಲಿ ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಸಾತಿಬಾಲ್ದಿಯವರಿಗೆ ಮಾತ್ರ ಎಲ್ಲ ಕಾಣುತ್ತಿತ್ತು. ಅವರ ವಯಸ್ಸು ಐವತ್ತೆಂಟು. ಹಾಡಲು ಬರುವವರಲ್ಲಿ ಅತ್ಯಂತ ಹಿರಿಯನೆಂದರೆ ಬಿಷ್ಕೆಕ್‌ನ ಒಬ್ಬ ಬೋಳುತಲೆಯವನು, ನಲವತ್ತೊಂದು.

ಉತ್ಸವದ ದಿನ ಬೆಳಿಗ್ಗೆ ಆರೂವರೆಗೆ ನಾನು ವೇದಿಕೆಯ ಮೇಲಿದ್ದೆ. ಕರೆಂಟಿನ ಜವಾಬ್ದಾರಿ ನನ್ನದು. ಮೈಕು ಹಿಡಿದು, “ಒಂದು, ಎರಡು, ಮೂರು” ಎಂದೆ. ಸದ್ದಿಲ್ಲ. ತಂತಿಯ ಗುಂಟ ನೋಡಿದರೆ, ದಪ್ಪನೆಯ ಮುಖ್ಯ ತಂತಿಯ ಮೇಲೆ ಬೂದು ಬಣ್ಣದ ಕಾರಿನ ಮುಂದಿನ ಚಕ್ರ ಕೂತಿದೆ. ಪಕ್ಕದ ಜನರೇಟರಿಗೆ ಮೈಕು ಜೋಡಿಸಿ ಕೂಗಿದೆ:

“ಒಂದು, ಎರಡು, ಮೂರು. ಬೂದು ಬಣ್ಣದ ಕಾರು, ನಂಬರು ನಾಲ್ಕು ಒಂದು ಏಳು. ಯಾರದ್ದಪ್ಪಾ ಇದು? ಚಕ್ರ ತೆಗೀರಿ. ನಾಲ್ಕು, ಒಂದು, ಏಳು. ಕಾರು ತೊಗೊಳ್ಳೋಕೆ ಬಂತು, ನಿಲ್ಲಿಸೋಕೆ ಬರಲಿಲ್ಲವಾ? ಒಂದು, ಎರಡು, ಮೂರು...”

ಯಾರೂ ಬರಲಿಲ್ಲ, ದಡದಲ್ಲಿ ಮೇಯುತ್ತಿದ್ದ ಒಂದು ಕತ್ತೆ ಮಾತ್ರ ಕಿವಿ ನಿಮಿರಿಸಿತು. ನಾನು ಬಿಡುವವನಲ್ಲ. ನನ್ನ ಧ್ವನಿಗೆ ಸರೋವರದ ಆಚೆ ದಡದಲ್ಲಿ, ಅರವತ್ತು ಕಿಲೋಮೀಟರಿನಾಚೆ, ಇಬ್ಬರು ತಮ್ಮ ಕಾರು ತೆಗೆದು ಬೇರೆ ಕಡೆ ನಿಲ್ಲಿಸಿದರೆಂದು ಆಮೇಲೆ ತಿಳಿಯಿತು. ಈ ಕಾರು ಮಾತ್ರ ಅಲುಗಲಿಲ್ಲ. ಹನ್ನೊಂದನೆಯ ನಿಮಿಷಕ್ಕೆ ಕಾರಿನ ಗಾಜು ಇಳಿಯಿತು. ಒಳಗಿಂದ ಸಾತಿಬಾಲ್ದಿಯವರ ತಲೆ ಹೊರಬಂತು, ಕೂದಲು ಕೆದರಿತ್ತು.

“ಯಾರ್ರೀ ಅದು ಕಿರುಚ್ತಾ ಇರೋದು?”

“ನಾನು ಸಾರ್, ಇಸ್ಮಾನಾಲಿ. ಮೈಕ್ ನೋಡ್ತಾ ಇದ್ದೆ.”

“ಭಾಷಣ ಬರೆದು ಮುಗಿಸಿ ಈಗಷ್ಟೇ ಕಣ್ಣು ಮುಚ್ಚಿದ್ದೆ. ನಿಮ್ಮ ಮೇಲೆ ದೂರು ಕೊಡ್ತೀನಿ.”

ಕೊಟ್ಟರು. ಅಲ್ಲೇ ಕಾರಿನ ಬಾನೆಟ್ಟಿನ ಮೇಲೆ ಕಾಗದವಿಟ್ಟು ಬರೆದು ರಾಖಿಯಾ ಎಜೆಗೆ ಒಪ್ಪಿಸಿದರು: ‘ಇಸ್ಮಾನಾಲಿ ಎಂಬವರು ವೇದಿಕೆಯ ಮೇಲಿನಿಂದ, ಧ್ವನಿವರ್ಧಕದ ಮೂಲಕ, ಆರು ಮೂವತ್ನಾಲ್ಕರಿಂದ ಆರು ನಲವತ್ತೈದರವರೆಗೆ, ಒಟ್ಟು ಹನ್ನೊಂದು ನಿಮಿಷ, ನನ್ನ ವಾಹನವನ್ನು ಉದ್ದೇಶಿಸಿ...’ ರಾಖಿಯಾ ಎಜೆ ಕ್ರಮಸಂಖ್ಯೆ ಹಾಕಿ, ಮೊಹರು ಒತ್ತಿ, ಕಡತಕ್ಕೆ ಸೇರಿಸಿದರು.

ಉತ್ಸವ ಸಾತಿಬಾಲ್ದಿಯವರ ಭಾಷಣದಿಂದ ಶುರುವಾಯಿತು. ವಿಷಯ: ಸ್ವತಂತ್ರ ಸಂಗೀತದ ಮೇಲ್ವಿಚಾರಣೆ. ಮೂವತ್ತೆಂಟು ನಿಮಿಷ. ಅವರ ಮುಂದೆಯೂ ಒಂದು ಬಕೆಟ್ಟಿತ್ತು. ಭಾಷಣದ ನಂತರ ಅದರಲ್ಲಿ ಮೂರು ಬೀಜಗಳಿದ್ದವು. ಒಂದು ಅವರದು, ಒಂದು ಅವರ ಚಾಲಕನದು, ಇನ್ನೊಂದು ಯಾವುದೋ ಹಕ್ಕಿ ಹಾಕಿದ್ದು.

ಆಮೇಲೆ ಹಾಡುಗಾರರು. ಬಿಷ್ಕೆಕ್‌ನ ಮೂವರು ಜನರಿಗೆ ಬೆನ್ನು ತಿರುಗಿಸಿ ನಿಂತು ನುಡಿಸಿದರು. ನಾಚಿಕೆಯಿರಬೇಕೆಂದು ನಾನು ಎದುರಿನಿಂದ ಹೋಗಿ ನೋಡಿದೆ. ಹಾಗೇನಿಲ್ಲ, ಚೆನ್ನಾಗಿ ಕೊಬ್ಬಿದ ಮುಖಗಳು. ಓಷ್‌ನ ಹುಡುಗಿಯೊಬ್ಬಳು ಗಾಳಿಯ ಸದ್ದನ್ನು ಯಂತ್ರದಲ್ಲಿ ತುಂಬಿಕೊಂಡು ಬಂದು ಕೇಳಿಸಿದಳು. ಅಷ್ಟರಲ್ಲಿ ಸರೋವರದ ನಿಜವಾದ ಗಾಳಿ ಎದ್ದು ಅವಳ ಡೇರೆಯನ್ನೇ ಹೊತ್ತುಕೊಂಡು ಹೋಯಿತು, ಜನ ಎರಡಕ್ಕೂ ಚಪ್ಪಾಳೆ ಹೊಡೆದರು. ಅಲ್ಮಾಟಿಯವನೊಬ್ಬ ಹೊಲಿಗೆ ಯಂತ್ರ ತುಳಿದು ಸಂಗೀತ ಮಾಡಿದ. ಬತ್ಮಾ ಅವನ ಬಳಿ ಹೋಗಿ, “ಮಗಾ, ಸೂಜಿ ಸಡಿಲ ಇದೆ ನೋಡು” ಎಂದು ಸರಿಮಾಡಿಕೊಟ್ಟು ಬಂದಳು. ಅಲ್ಲಿಂದ ಮುಂದೆ ಸಂಗೀತ ನಿಜಕ್ಕೂ ಸುಧಾರಿಸಿತು.

ಸೂರ್ಯ ಇಳಿಯುವ ಹೊತ್ತಿಗೆ ಜಿಪಾರ್ ಹತ್ತಿದಳು. ಊರ ಹೊರಗಿನ ನಿಲ್ದಾಣದಲ್ಲಿ ಕೊನೆಯ ಬಸ್ಸಿಗೆ ಕಾಯುವವರ ಮೇಲೆ ಅವಳು ಕಟ್ಟಿದ ಹಾಡು. ಕೊಟ್ಟಿಗೆಯಲ್ಲಿ ನೂರು ಸಲ ಕೇಳಿದ್ದೆ. ಅಲ್ಲಿ ಹಸು ಇತ್ತು, ಇಲ್ಲಿ ಆರುನೂರು ಜನ. ಎರ್ಮೆಕ್ ಡ್ರಮ್ಮನ್ನು ಬರಿಗೈಯಿಂದ ಮೆಲ್ಲಗೆ ತಟ್ಟಿದ. ಬಸ್ಸು ದೂರದಿಂದ ಬರುವ ಹಾಗೆ. ಹಾಡಿನ ಕೊನೆಯಲ್ಲಿ ಬಸ್ಸು ಬರುತ್ತದೆ, ಇಳಿಯುವವರು ಮಾತ್ರ ಯಾರೂ ಇಲ್ಲ. ಅಣ್ಣ ಮೊಲ್ದೋಕುಲ್ ಟೋಪಿ ತೆಗೆದು ಅದರ ಒಳಗೇ ನೋಡುತ್ತ ಕುಳಿತ. ಬತ್ಮಾ ಕಡಾಯಿಯಲ್ಲಿ ಬೇಯುತ್ತಿದ್ದ ಹಿಟ್ಟಿನ ಎಳೆಗಳನ್ನು ಮರೆತಳು. ಮದುವೆಯಾಗಿ ನಲವತ್ತನಾಲ್ಕು ವರ್ಷದಲ್ಲಿ ಅವಳು ಕಡಾಯಿ ಮರೆತದ್ದು ಅದೊಂದೇ ಸಲ. ಎಳೆಗಳು ಮುದ್ದೆಯಾದವು, ಯಾರೂ ದೂರಲಿಲ್ಲ.

ಜಿಪಾರಳ ಬಕೆಟ್ಟು ತುಂಬಿ ಚೆಲ್ಲಿತು. ಎರಡನೆಯ ಬಕೆಟ್ಟಿಗೆ ಬತ್ಮಾಳ ಹಾಲಿನ ಬಕೆಟ್ಟನ್ನೇ ತರಬೇಕಾಯಿತು.

ಔತಣ ದೊಡ್ಡ ಉಣ್ಣೆಯ ಗುಡಾರದೊಳಗೆ. ಊಟಕ್ಕೆ ಮೊದಲು ಎಲ್ಲರ ಕೈಗೆ ನೀರು ಹನಿಸುವುದು ಕಿರಿಯರ ಕೆಲಸ. ನನಗೆ ಅರವತ್ತೊಂಬತ್ತಾದರೂ ಅಣ್ಣನ ಎದುರು ನಾನು ಕಿರಿಯನೇ. ಹೂಜಿ ಹಿಡಿದು ಅವನ ಮುಂದೆ ಬಗ್ಗಿದೆ.

“ಬಾಯ್ಕೆ, ಕೈ ಚಾಚಿ” ಎಂದೆ. ನಮ್ಮಲ್ಲಿ ಅಣ್ಣನನ್ನು ಕರೆಯುವುದೇ ಹಾಗೆ.

“ನೀರು ತಣ್ಣಗಿದೆಯಲ್ಲೋ ತಮ್ಮಾ. ಅರವತ್ತು ವರ್ಷದಿಂದ ಹನಿಸ್ತಾ ಇದೀಯ, ಬೆಚ್ಚಗೆ ಮಾಡೋದು ಇನ್ನೂ ಕಲೀಲಿಲ್ಲ.”

“ಎಪ್ಪತ್ತಾರಕ್ಕೆ ಚರ್ಮ ದಪ್ಪ ಆಗಿರತ್ತೆ ಅಂದ್ಕೊಂಡೆ ಬಾಯ್ಕೆ.”

ಮಾಂಸದ ತಟ್ಟೆ ಬಂತು. ಒಂದು ಸೊಂಟದ ಮೂಳೆ ಹಿರಿಯ ಅತಿಥಿಯಾಗಿ ಮೊಲ್ದೋಕುಲನ ಮುಂದೆ ಹೋಯಿತು. ಎರಡನೆಯದನ್ನು ರಾಖಿಯಾ ಎಜೆ ಎತ್ತಿ ಹಿಡಿದರು. “ಬೀಜಗಳ ಎಣಿಕೆಯಂತೆ, ಕೊನೆಯ ಬಸ್ಸು ತಂಡದ ಜಿಪಾರ್...”

ಆಗ ಎಲ್ಲರಿಗೂ ಒಟ್ಟಿಗೇ ತಪ್ಪು ಕಂಡಿತು. ಸೊಂಟದ ಮೂಳೆ ಹಿರಿಯರ ಪಾಲು. ಇಪ್ಪತ್ತಮೂರರ ಹುಡುಗಿಗೆ ಅದನ್ನು ಕೊಡುವುದೆಂದರೆ, ಕುಳಿತ ಹಿರಿಯರನ್ನೆಲ್ಲ ಎಬ್ಬಿಸಿ ಬಾಗಿಲ ಬಳಿ ಕೂರಿಸಿದಂತೆ. ಅವಳಿಗೆ ಬೀಜ ಹಾಕಿದವರೇ ಈಗ ತಲೆ ಅಲ್ಲಾಡಿಸಿದರು.

“ಛೆ, ಹುಡುಗಿಗೆ ಸೊಂಟದ ಮೂಳೆಯಾ?” ಎಂದರು ಯಾರೋ.

“ಅವಳಿಗೆ ಪಕ್ಕೆಲುಬು ಕೊಡಿ” ಎಂದರು ಇನ್ಯಾರೋ.

“ಪಕ್ಕೆಲುಬಿನ ಜೊತೆ ಬೀಗದ ಕೈ ಬರೋದಿಲ್ಲ” ಎಂದರು ರಾಖಿಯಾ ಎಜೆ. “ಎಂಟನೇ ನಿಯಮ.”

ಸಾತಿಬಾಲ್ದಿ ಗಂಟಲು ಸರಿಮಾಡಿಕೊಂಡರು. ಈ ಕ್ಷಣಕ್ಕಾಗಿ ಅವರು ಮಧ್ಯಾಹ್ನ ಊಟ ಬಿಟ್ಟಿದ್ದರು. “ಬಂಧುಗಳೇ, ಮೂಳೆಯನ್ನ ಬದಲಾಯಿಸೋಕೆ ಆಗಲ್ಲ. ಮೆಚ್ಚುಗೆಯನ್ನ ಬದಲಾಯಿಸಬಹುದು. ಹತ್ತನೇ ನಿಯಮ ಏನು ಹೇಳತ್ತೆ ರಾಖಿಯಾ?”

“ತಿಕ್ಕಾಟ ಬಂದರೆ ಪದ್ಧತಿಯೇ ಮೇಲು.”

“ಪದ್ಧತಿ ಪ್ರಕಾರ ಈ ಮೂಳೆ ಪ್ರದರ್ಶಕರಲ್ಲಿ ಹಿರಿಯರಿಗೆ ಹೋಗಬೇಕು. ಅಂದಮೇಲೆ ಜನರ ಮೆಚ್ಚಿನ ಪ್ರದರ್ಶನವೂ ಅವರದ್ದೇ ಆಗಿರಬೇಕು.”

“ಹಾಗಾದ್ರೆ ಜನ ಹಾಕಿದ ಬೀಜ?” ಎಂದಳು ಜಿಪಾರ್. ಅವಳ ಧ್ವನಿ ಹಾಡುವಾಗಿನಂತಿರಲಿಲ್ಲ.

“ಬೀಜಗಳು ಮೆಚ್ಚುಗೆ ಎಷ್ಟು ಅನ್ನೋದನ್ನ ಹೇಳ್ತವಮ್ಮ. ಯಾರನ್ನ ಮೆಚ್ಚಿದ್ದು ಅನ್ನೋದನ್ನ ವಿಭಾಗ ಹೇಳತ್ತೆ.”

ಇಷ್ಟು ಹೇಳಿ ಸಾತಿಬಾಲ್ದಿ ಅಂಗಿಯ ತೋಳು ಮಡಿಸಿ ತಟ್ಟೆಯತ್ತ ಕೈ ಚಾಚಿದರು. ಎರ್ಮೆಕ್ ಎದ್ದು ಹೊರಗೆ ಹೋಗುವವನಂತೆ ಬೂಟಿಗೆ ಕಾಲು ತೂರಿಸಿದ.

“ಒಂದು ನಿಮಿಷ” ಎಂದರು ರಾಖಿಯಾ ಎಜೆ. ಕನ್ನಡಕ ಏರಿಸಿ ಕಡತದ ಹಾಳೆ ತಿರುವಿದರು. “ಮೂರನೇ ನಿಯಮದಂತೆ ಏಳು ನಿಮಿಷ ಮೀರಿದವರೆಲ್ಲ ಪ್ರದರ್ಶಕರು. ಇಲ್ಲೊಂದು ದಾಖಲೆ ಇದೆ. ವೇದಿಕೆ ಮೇಲೆ, ಧ್ವನಿವರ್ಧಕದಲ್ಲಿ, ಹನ್ನೊಂದು ನಿಮಿಷ. ಇಸ್ಮಾನಾಲಿ. ವಯಸ್ಸು ಅರವತ್ತೊಂಬತ್ತು.”

“ಅದು ಪ್ರದರ್ಶನ ಅಲ್ಲ! ಅದು ನನ್ನ ಕಾರು!”

“ಅದು ಪ್ರದರ್ಶನದ ವಸ್ತು” ಎಂದು ಬರೆದುಕೊಂಡರು ರಾಖಿಯಾ ಎಜೆ. “ದೂರಿನ ಕೆಳಗಿನ ಸಹಿ ನಿಮ್ಮದೇ ತಾನೇ ಸಾರ್?”

“ನನ್ನದೇ. ಆದರೆ...”

“ಸಮಯ ತಪ್ಪಾಗಿದೆಯಾ?”

“ನಾನು ತಪ್ಪು ಸಮಯ ಬರೆಯೋನಲ್ಲ.”

“ಅಂದಮೇಲೆ ಪ್ರದರ್ಶನ ನಡೆದಿದೆ, ವಿಭಾಗದ ಉಪಮುಖ್ಯಸ್ಥರು ಖುದ್ದಾಗಿ ಕೇಳಿದ್ದಾರೆ. ಉಳಿದವರಿಗೆ ಈ ಪ್ರಮಾಣಪತ್ರವೂ ಇಲ್ಲ.”

ಮೂಳೆ ನನ್ನ ಮುಂದೆ ಬಂತು. ಆರುನೂರ ಹನ್ನೆರಡು ಬೀಜಗಳನ್ನು ನನ್ನ ಹೆಸರಿಗೆ ವರ್ಗಾಯಿಸಲಾಯಿತು. ಬೋಳುತಲೆಯವನು ಬಂದು ನನ್ನ ಕೈ ಕುಲುಕಿ, “ನಿಮ್ಮ ಶೈಲಿ ಬಹಳ ಹೊಸದು” ಎಂದ. ಅವನು ಗೇಲಿ ಮಾಡಿದನೆಂದು ನನಗೆ ಇವತ್ತಿಗೂ ಅನ್ನಿಸಿಲ್ಲ.

“ಹಾಡು ಕಟ್ಟೋಕೆ ನಂಗೆ ಒಂದು ವರ್ಷ ಬೇಕಾಯ್ತು ತಾಯ್ಕೆ” ಎಂದಳು ಜಿಪಾರ್. ಸೋದರಮಾವನನ್ನು ಅವಳು ಹಾಗೆಯೇ ಕರೆಯುವುದು. “ನೀವು ಒಂದು ಕಾರಿನ ನಂಬರು ಓದಿದ್ರಿ.”

“ನಾನು ಬೇಡ ಅಂದ್ರೆ ಮೂಳೆ ಅವರಿಗೆ ಹೋಗತ್ತೆ ಮಗಳೇ. ಇಕೋ, ಮಾಂಸ ನೀನು ತಿನ್ನು.” ಚಾಕುವಿನಿಂದ ಕೊಯ್ದು ಅವಳ ಅಂಗೈಗಿಟ್ಟೆ. ರಾಖಿಯಾ ಎಜೆಯತ್ತ ತಿರುಗಿ, “ಮಾಂಸದ ಜೊತೆ ಮೆಚ್ಚುಗೆಯೂ ಅವಳಿಗೆ ಹೋಗತ್ತಾ?” ಎಂದು ಕೇಳಿದೆ.

“ಮಾಂಸ ಹಂಚಬಹುದು. ಮೂಳೆ, ಮೆಚ್ಚುಗೆ, ಬೀಗದ ಕೈ ವರ್ಗಾಯಿಸೋಕೆ ಬರಲ್ಲ.”

ಬತ್ಮಾ ನನ್ನ ಕಿವಿಯ ಬಳಿ ಬಗ್ಗಿದಳು. “ಮುದುಕಾ, ಒಂಬತ್ತನೇ ನಿಯಮ ಏನು?”

“ವಾರಕ್ಕೆ ಎರಡು ಸಲ ಅಭ್ಯಾಸ ಮಾಡಬೇಕಂತೆ.”

“ಒಬ್ಬನೇ ಏನು ಅಭ್ಯಾಸ ಮಾಡ್ತೀಯ? ಇಂಥಾ ದೊಡ್ಡ ಕಲಾವಿದನಿಗೆ ಪಕ್ಕವಾದ್ಯ ಬೇಡವಾ?”

ನನ್ನ ಹೆಂಡತಿಗೆ ನನ್ನ ಪ್ರತಿಭೆ ಅರ್ಥವಾಗಲು ನಲವತ್ತನಾಲ್ಕು ವರ್ಷ ಹಿಡಿಯಿತು. ನಾನು ಅಲ್ಲೇ ಬಾಯಿಮಾತಿನಲ್ಲಿ ಅರ್ಜಿ ಹಾಕಿದೆ. ರಾಖಿಯಾ ಎಜೆ ಹಿಂದೆ ಮುಂದೆ ಹಾಳೆ ತಿರುವಿ, ಪಕ್ಕವಾದ್ಯದವರ ಸಂಖ್ಯೆಗಾಗಲಿ ಸದ್ದಿಗಾಗಲಿ ಯಾವ ಮಿತಿಯೂ ಇಲ್ಲವೆಂದು ತಿಳಿಸಿದರು. ಎರ್ಮೆಕ್ ಬೂಟಿನಿಂದ ಕಾಲು ಹೊರಗೆಳೆದ.

ಕೊಠಡಿಯಿಂದ ಏಪ್ರಿಕಾಟುಗಳನ್ನು ತೆರವು ಮಾಡಬೇಕಾಯಿತು. ಬೇರೆ ಜಾಗವಿಲ್ಲದ್ದರಿಂದ ಅವನ್ನು ತಂಡ ಖಾಲಿ ಮಾಡಿದ ನಮ್ಮ ಕೊಟ್ಟಿಗೆಗೆ, ‘ವಿಭಾಗದ ತಾತ್ಕಾಲಿಕ ಉಗ್ರಾಣ’ ಎಂಬ ಫಲಕದೊಂದಿಗೆ, ಸಾಗಿಸಲಾಯಿತು. ಹಸು ಆ ಚಳಿಗಾಲ ವಿಭಾಗದ ದಾಸ್ತಾನನ್ನು ಬಹಳ ಮುತುವರ್ಜಿಯಿಂದ ಪರಿಶೀಲಿಸಿತು. ಹುಟ್ಟಿದ ಕರು ಎಷ್ಟು ಸಿಹಿಯಾಗಿತ್ತೆಂದರೆ ಮುತ್ತಿಕ್ಕಿದವರು ಚಹಾಕ್ಕೆ ಸಕ್ಕರೆ ಕೇಳಲಿಲ್ಲ.

ಮಂಗಳವಾರ ಮತ್ತು ಶುಕ್ರವಾರ ನಾನು ಮೇಲಂತಸ್ತಿಗೆ ಹತ್ತಿ, ಒಲೆಯ ಪಕ್ಕ ನಿಂತು, “ಒಂದು, ಎರಡು, ಮೂರು, ಬೂದು ಬಣ್ಣದ ಕಾರು” ಎನ್ನುತ್ತಿದ್ದೆ. ಆಮೇಲೆ ಪಕ್ಕವಾದ್ಯದವರು ಮೂರು ಗಂಟೆ ನುಡಿಸುತ್ತಿದ್ದರು. ನಾನು ಕುರ್ಚಿಯಲ್ಲಿ ಕೂತು ನಿದ್ದೆಗೆ ಜಾರಿ, ಎದ್ದು, ಸಹಿ ಹಾಕುತ್ತಿದ್ದೆ. ರಾಖಿಯಾ ಎಜೆ ತಿಂಗಳಿಗೊಮ್ಮೆ ಬಂದು ಪುಸ್ತಕದಲ್ಲಿ ಷರಾ ಬರೆಯುತ್ತಿದ್ದರು: ‘ಒಂದು, ಎರಡು: ಉತ್ತಮ. ಮೂರು: ಗಣನೀಯ ಸುಧಾರಣೆ. ಏಳು: ಇನ್ನೂ ಭಾವ ಬೇಕು.’ ಎರ್ಮೆಕ್ ಮಾಸ್ಕೋಗೆ ಹೋಗಲಿಲ್ಲ.

ಮರುವರ್ಷದ ಉತ್ಸವಕ್ಕೆ ಮೂವತ್ತು ತಂಡಗಳು ಬಂದವು. ಸ್ವತಂತ್ರ ಸಂಗೀತದ ಹೊಸ ಒಲವನ್ನು ಎಲ್ಲರೂ ಗಮನಿಸಿದ್ದರು. ಪ್ರತಿಯೊಂದು ತಂಡವೂ ಒಬ್ಬ ಅಜ್ಜನನ್ನು ಮುಂದಿಟ್ಟುಕೊಂಡು ಬಂದಿತ್ತು. ಬೆನ್ನು ತಿರುಗಿಸಿ ನುಡಿಸುವವರು ತಮ್ಮ ಅಜ್ಜನನ್ನೂ ಬೆನ್ನು ತಿರುಗಿಸಿಯೇ ಕೂರಿಸಿದ್ದರು. ಜಿಪಾರಳ ತಂಡದ ಚೀಟಿಯಲ್ಲಿ ‘ಇಸ್ಮಾನಾಲಿ ಮತ್ತು ಪಕ್ಕವಾದ್ಯ’ ಎಂದಿತ್ತು. ಸಾತಿಬಾಲ್ದಿಯವರ ಕಾರನ್ನು ಲಿಖಿತ ಆದೇಶದ ಮೇರೆಗೆ ಬೆಳಿಗ್ಗೆ ಆರಕ್ಕೇ ತಂತಿಯ ಮೇಲೆ ನಿಲ್ಲಿಸಲಾಗಿತ್ತು, ಏಕೆಂದರೆ ಅದಿಲ್ಲದೆ ಸಾಹಿತ್ಯ ಪೂರ್ಣವಾಗುವುದಿಲ್ಲ. ಒಳಗೆ ಮಲಗಿದ್ದ ಅವರು ಈ ಸಲ ಹೊಸ ಅಂಗಿ ತೊಟ್ಟಿದ್ದರು. ನಾನು “ನಾಲ್ಕು!” ಎಂದರೆ ದಡದಲ್ಲಿದ್ದ ಸಾವಿರ ಜನ “ಒಂದು, ಏಳು!” ಎನ್ನುತ್ತಿದ್ದರು. ಸಾತಿಬಾಲ್ದಿಯವರು ಗಾಜು ಇಳಿಸಿ ಎಲ್ಲರಿಗೂ ಕೈ ಬೀಸಿದರು.

ಮಧ್ಯಾಹ್ನ ಪಕ್ಕದ ಜಿಲ್ಲೆಯ ಒಂದು ತಂಡ ಎಂಬತ್ತೊಂದು ವರ್ಷದ ಅಜ್ಜನನ್ನು ಇಳಿಸಿತ್ತು. ಅವರು ಎಂಟು ನಿಮಿಷ ಮೈಕಿನ ಮುಂದೆ ಕೆಮ್ಮಿದರು, ಹೋಗಿ ಕೂತರು. ನನಗೆ ಆಗ ಎಪ್ಪತ್ತು. ಸಂಜೆಗೆ ಮೂಳೆ ಅವರದ್ದು, ಬೀಗದ ಕೈಯೂ ಅವರದ್ದು. ಜಿಪಾರ್ ಕೋಮುಜನ್ನು ಚೀಲಕ್ಕೆ ಹಾಕಿ ಚೀಲದ ಬಾಯಿ ಕಟ್ಟಿದಳು. ಎರ್ಮೆಕ್ ಫೋನು ಹಿಡಿದು ಪಕ್ಕಕ್ಕೆ ಹೋದ.

ರಾಖಿಯಾ ಎಜೆಯ ಮುಂದೆ ಹೋಗಿ ನಿಂತೆ. “ಎಜೆ, ವಯಸ್ಸನ್ನ ಗೊತ್ತುಮಾಡೋದು ಹೇಗೆ?”

“ದಾಖಲೆಯಿಂದ.”

“ದಾಖಲೆಯಲ್ಲಿ ತಪ್ಪಿದ್ರೆ?”

“ಅರ್ಜಿದಾರನಿಗಿಂತ ತಾನು ಚಿಕ್ಕವನು ಅಂತ ಒಡಹುಟ್ಟಿದವರು ಯಾರಾದ್ರೂ ಬರೆದುಕೊಟ್ರೆ ತಿದ್ದಬಹುದು. ಒಡಹುಟ್ಟಿದವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರತ್ತೆ?”

ನನಗೆ ಒಡಹುಟ್ಟಿದವರು ಇಬ್ಬರು. ತಂಗಿ ಬರೆದುಕೊಟ್ಟರೆ ಉಪಯೋಗವಿಲ್ಲ, ಅವಳು ಹೇಗಿದ್ದರೂ ಚಿಕ್ಕವಳು. ಉಳಿದದ್ದು ಅಣ್ಣ ಮೊಲ್ದೋಕುಲ್. ಎಪ್ಪತ್ತೇಳು ವರ್ಷ, ಗುಡಾರದಲ್ಲಿ ಬಾಗಿಲಿಗೆ ಎದುರಿನ ಮೇಲಿನ ಸ್ಥಾನ ಬಿಟ್ಟು ಬೇರೆಲ್ಲೂ ಕೂತವನಲ್ಲ. ಊರಿನಲ್ಲಿ ಅವನ ಆಸ್ತಿಯೆಂದರೆ ಅದೊಂದೇ, ಹಿರಿತನ. ಕೇಳಲು ನನಗೇ ಬಾಯಿ ಬರಲಿಲ್ಲ. ನಂಬಿ, ನನಗೇ ಬಾಯಿ ಬರಲಿಲ್ಲ.

ಅವನು ಎಲ್ಲ ಕೇಳಿಸಿಕೊಂಡಿದ್ದ. ಕೋಲೂರಿಕೊಂಡು ರಾಖಿಯಾ ಎಜೆಯ ಮೇಜಿಗೆ ಬಂದ. ದೂರದಲ್ಲಿ ಫೋನಿನಲ್ಲಿ ಮಾತಾಡುತ್ತಿದ್ದ ಮೊಮ್ಮಗನನ್ನು ಒಮ್ಮೆ ನೋಡಿದ.

“ಎಷ್ಟಾಗಬೇಕು ಇವನಿಗೆ?”

“ಎಂಬತ್ತೆರಡಾದ್ರೆ ಸಾಕು” ಎಂದರು ರಾಖಿಯಾ ಎಜೆ.

“ಎಂಬತ್ತನಾಲ್ಕು ಬರ್ಕೊಳ್ಳಮ್ಮ. ಇನ್ನೊಂದು ವರ್ಷಕ್ಕೂ ಆಗಲಿ.” ಪೆನ್ನು ತೆಗೆದುಕೊಂಡು ಗಟ್ಟಿಯಾಗಿ ಓದುತ್ತ ಬರೆದ: ‘ಇಸ್ಮಾನಾಲಿ ನನಗಿಂತ ಏಳು ವರ್ಷ ದೊಡ್ಡವನು. ನಾನು ತೊಟ್ಟಿಲಲ್ಲಿದ್ದಾಗ ಇವನು ಕುದುರೆ ಹತ್ತಿದ್ದು ನನಗೆ ಚೆನ್ನಾಗಿ ನೆನಪಿದೆ.’

ಮೊಹರು ಬಿತ್ತು. ಎಂಬತ್ತೊಂದರ ಅಜ್ಜ ಎದ್ದು ಬಂದು, ನನ್ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಹಿರಿಯರಿಗೆ ಮಾಡುವ ಮರ್ಯಾದೆ ಮಾಡಿದರು. ಎರ್ಮೆಕ್ ಫೋನು ಜೇಬಿಗೆ ಹಾಕಿದ. ಬತ್ಮಾ ಮಾತ್ರ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, “ನಮ್ಮಪ್ಪನಿಗೆ ಇಷ್ಟು ವಯಸ್ಸಾಗಿರೋನು ಅಂತ ಗೊತ್ತಿದ್ರೆ ನನ್ನನ್ನ ಕೊಡ್ತಾನೇ ಇರ್ಲಿಲ್ಲ” ಎಂದಳು. ಅಂದಿನಿಂದ ಅವಳು ನನಗೆ ಸೌದೆ ಒಡೆಯಲು ಹೇಳುತ್ತಿಲ್ಲ.

ಅಣ್ಣ ಮರುದಿನದಿಂದಲೇ ಎಲ್ಲವನ್ನೂ ನಿಯಮದಂತೆ ಪಾಲಿಸತೊಡಗಿದ. ಮದುವೆಯಿರಲಿ, ಔತಣವಿರಲಿ, ನನ್ನನ್ನು ಮೇಲಿನ ಸ್ಥಾನದಲ್ಲಿ ಕೂರಿಸಿ ತಾನು ಕೆಳಗೆ ಕೂರುತ್ತಾನೆ. ಊರಿನವರಿಗೂ ಈಗ ಅಭ್ಯಾಸವಾಗಿದೆ. ನನ್ನ ಬಾಲ್ಯದ ಗೆಳೆಯರು ಎದುರು ಸಿಕ್ಕರೆ ರಸ್ತೆಯ ಪಕ್ಕಕ್ಕೆ ಸರಿದು ನಿಲ್ಲುತ್ತಾರೆ. ಮೊನ್ನೆ ಶುಕ್ರವಾರ ಸಂಸ್ಕೃತಿ ಭವನದ ಕೆಳಗಿನ ಹಜಾರದಲ್ಲಿ ಊಟವಿತ್ತು. ಮೇಲಂತಸ್ತಿನಲ್ಲಿ ನನ್ನ ಪಕ್ಕವಾದ್ಯದವರು ಹೊಸ ಹಾಡು ಕಟ್ಟುತ್ತಿದ್ದರು. ಎರ್ಮೆಕ್ ಬರಿಗೈಯಿಂದ ಡ್ರಮ್ ತಟ್ಟುವುದು ಚಾವಣಿಯ ಮೂಲಕ ಕೇಳುತ್ತಿತ್ತು. ಅಣ್ಣ ಹೂಜಿ ಹಿಡಿದು, ಮೊಣಕಾಲು ಕಟಕಟ ಎನ್ನಿಸುತ್ತ, ನನ್ನ ಮುಂದೆ ಬಗ್ಗಿದ.

“ಕೈ ಚಾಚಿ ಬಾಯ್ಕೆ” ಎಂದ.

ಚಾಚಿದೆ. ನೀರು ಬೆಚ್ಚಗಿತ್ತು.